ಎರಡು ನಿಂಬೆಯೆಣ್ಣೆ

ಪತ್ರಿಕೆಯವಳು ಕೇಳಿದ್ದು ತೀರ ಸಾದಾ ಪ್ರಶ್ನೆ. "ಈ ಮುಖದೆಣ್ಣೆ ನಿಮಗೆ ಹೊಳೆದದ್ದು ಹೇಗೆ ಮೇಡಂ?" ಅಕ್ಕ ತಡವರಿಸಲೇ ಇಲ್ಲ. "ನನ್ನ ಚರ್ಮವೇ ಹೇಳ್ಕೊಡ್ತು, ನಾನು ಕೇಳಿಸ್ಕೊಂಡೆ. ಕಲಕೋದಕ್ಕೆ ಒಳಗೆ ಜನ ಇದ್ದಾರೆ" ಎಂದಳು.

ಒಳಗಿನ ಜನ ಎಂದರೆ ಒಬ್ಬಳೇ. ತೆಳು ಗೋಡೆಯ ಈಚೆ ನಿಂತು ಬಾದಾಮಿ ಎಣ್ಣೆ ಸೋಸುತ್ತಿದ್ದ ಅವಳು, ಅಕ್ಕನ ಚಿಕ್ಕಪ್ಪನ ಮಗಳು, ಕೈಯಲ್ಲಿದ್ದ ಬಟ್ಟೆಯನ್ನು ಹಿಂಡುವುದು ಮರೆತಳು. ಹನ್ನೆರಡು ವರ್ಷಗಳಿಂದ ಅಕ್ಕನ ಈ ಕಾರ್ಖಾನೆಯ ಎಣ್ಣೆಗಳನ್ನೆಲ್ಲ ಬೆರೆಸಿದವಳು ಅವಳು. ಕುಸುಬೆ ಎಣ್ಣೆಗೆ ಬಾದಾಮಿ ಎಷ್ಟು, ಯಾವ ಚರ್ಮಕ್ಕೆ ಏನು ಒಗ್ಗದು ಎಂಬುದೆಲ್ಲ ಬಾಯಿಪಾಠ. ಯಾವ ಡಬ್ಬ ಕನರಿದೆ ಎಂಬುದನ್ನು ಮುಚ್ಚಳ ತೆಗೆಯುವ ಮೊದಲೇ ಹೇಳುವಷ್ಟು ಚುರುಕು ಮೂಗು. ಅದಕ್ಕೇ ಅಕ್ಕ ಅವಳನ್ನು ಮೂಗಿ ಎಂದು ಕರೆಯುತ್ತಿದ್ದಳು. ಮಾತು ಕಡಿಮೆಯಾದ್ದರಿಂದ ಆ ಹೆಸರು ಎರಡು ಕಡೆಯಿಂದಲೂ ಹೊಂದುತ್ತದೆಂದು ಬಂದವರೆದುರು ನಗುವುದೂ ಇತ್ತು. ಮೂಗಿಯೂ ನಗುತ್ತಿದ್ದಳು. ಆ ದಿನ ನಗು ಬರಲಿಲ್ಲ.

ಮುಂದಿನ ವಾರ ಹೊಸ ಸೀಸೆಗಳ ಚೀಟಿಗೆ ಅಕ್ಕನ ಮುಖದ ಫೋಟೊ ತೆಗೆಯುವುದೆಂದು ಗೊತ್ತಾಯಿತು. ಬಣ್ಣ, ಪುಡಿ ಏನೂ ಇಲ್ಲದೆ ಬರೀ ಎಣ್ಣೆ ಹಚ್ಚಿದ ಮುಖ. ಹೊಳಪು ನಿಜವಾಗಿ ಕಾಣಬೇಕು, ನಡುಹಗಲ ಬಿಸಿಲೇ ಆಗಬೇಕು ಎಂದು ಫೋಟೊ ತೆಗೆಯುವವನು ಹಟ ಹಿಡಿದಿದ್ದ. ಜಾಗ, ಕಟ್ಟಡದ ತಾರಸಿ.

ಬಿಸಿಲು ಎಂಬ ಮಾತು ಕಿವಿಗೆ ಬಿದ್ದದ್ದೇ ಮೂಗಿಯ ಮನಸ್ಸು ಕಪಾಟಿನ ಮೂರನೆಯ ಹಲಗೆಗೆ ಹೋಗಿ ನಿಂತಿತು.

ಅಲ್ಲಿ ಎರಡು ನಿಂಬೆಯೆಣ್ಣೆಗಳಿದ್ದವು. ಒಂದು ಆವಿಯಲ್ಲಿ ಬಟ್ಟಿ ಇಳಿಸಿದ್ದು. ಹಚ್ಚಿಕೊಂಡು ಬಿಸಿಲಿಗೆ ಹೋದರೂ ಏನೂ ಆಗದು. ಇನ್ನೊಂದು ಸಿಪ್ಪೆಯನ್ನು ಹಿಂಡಿ ತೆಗೆದದ್ದು. ತೊಳೆದುಹೋಗುವ ಸಾಬೂನಿಗೆ ಮಾತ್ರ ಅದು. ಅದು ಚರ್ಮದ ಮೇಲೆ ಉಳಿದು ಬಿಸಿಲು ತಾಗಿದರೆ ಕೂಡಲೇ ಏನೂ ತಿಳಿಯುವುದಿಲ್ಲ. ಮಾರನೆಯ ದಿನ ಕೆಂಪೇರಿ, ಅದರ ಮರುದಿನ ಬೊಬ್ಬೆಯೆದ್ದು, ಕೊನೆಗೆ ತಿಂಗಳುಗಟ್ಟಲೆ ಹೋಗದ ಕಂದು ಕಲೆ. ಅಕ್ಕನಿಗೆ ಎರಡೂ ಬರೀ ನಿಂಬೆಯ ವಾಸನೆ.

ಮಾರಾಟದ ಎಣ್ಣೆಯನ್ನು ಮೂಗಿ ಮುಟ್ಟುವುದಿಲ್ಲ. ಅದು ತನ್ನ ಕೈಯ ಕೆಲಸ, ಅದನ್ನು ಕೆಡಿಸುವಷ್ಟು ಕೆಟ್ಟವಳಲ್ಲ ತಾನು ಎಂದುಕೊಂಡಳು. ಅಕ್ಕನ ಸ್ವಂತ ಬಳಕೆಗೆ ಒಂದು ನೀಲಿ ಸೀಸೆಯಿತ್ತು. ಪ್ರತಿ ಸೋಮವಾರ ಅದನ್ನು ಅಕ್ಕನೇ ತುಂಬಿಸಿ, ಪರಿಮಳಕ್ಕೆ ನಿಂಬೆಯನ್ನು ಅವಳೇ ಹನಿಸಿಕೊಳ್ಳುತ್ತಿದ್ದಳು. ಬೇರೆಯವರು ಅದನ್ನು ಮುಟ್ಟುವಂತಿರಲಿಲ್ಲ. ಚೀಟಿ ಓದಲು ಕನ್ನಡಕ ಬೇಕು, ಹಾಕಿಕೊಂಡರೆ ವಯಸ್ಸು ಕಾಣುತ್ತದೆಂದು ಹಾಕುತ್ತಿರಲಿಲ್ಲ. ಇಷ್ಟು ಸಾಕಾಗಿತ್ತು. ನಾಳೆ ಯಾರು ಕೇಳಿದರೂ ಉತ್ತರ ಒಂದೇ: ಕಣ್ಣು ಕಾಣದೆ ಅಕ್ಕ ತಪ್ಪು ಸೀಸೆ ಎತ್ತಿಕೊಂಡಳು.

ಫೋಟೊದ ಹಿಂದಿನ ದಿನ ಅಕ್ಕ ಕೂದಲು ಸರಿಮಾಡಿಸಿಕೊಳ್ಳಲು ಹೋದಾಗ ಮೂಗಿ ಕೈಗವಸು ತೊಟ್ಟು ಕೆಲಸ ಮುಗಿಸಿದಳು. ನೀಲಿ ಸೀಸೆಯ ಎಣ್ಣೆಯನ್ನು ಚೆಲ್ಲಿ, ಹಿಂಡಿ ತೆಗೆದ ನಿಂಬೆಯೆಣ್ಣೆ ಸೇರಿಸಿ, ಅದೇ ಬಣ್ಣ, ಅದೇ ಮಂದ ಬರುವಂತೆ ಹೊಸದನ್ನು ಬೆರೆಸಿ ತುಂಬಿಸಿದಳು. ಸಾಬೂನಿನ ನಿಂಬೆಯ ಸೀಸೆಯನ್ನು ಅಕ್ಕ ಕೈಚಾಚುವ ಕಡೆಗೆ ಸರಿಸಿಟ್ಟಳು. ಬೆರೆಸಿದ ಪಾತ್ರೆಯನ್ನು ಮೂರು ಸಲ ತೊಳೆದಳು. ಹನ್ನೆರಡು ವರ್ಷಗಳಲ್ಲಿ ಇಷ್ಟು ಅಚ್ಚುಕಟ್ಟಾಗಿ ಏನನ್ನೂ ಬೆರೆಸಿರಲಿಲ್ಲ ಎನ್ನಿಸಿ ಒಳಗೊಳಗೇ ಹೆಮ್ಮೆಯಾಯಿತು.

ಮರುದಿನ ತಾರಸಿಯಲ್ಲಿ ಬಿಸಿಲು ನೆತ್ತಿ ಸುಡುತ್ತಿತ್ತು. ಅಕ್ಕನ ಖುಷಿಗೆ ಮೇರೆಯಿರಲಿಲ್ಲ. ನೀಲಿ ಸೀಸೆಯನ್ನು ಬೋಗುಣಿಯಾಗಿಸಿದ ಅಂಗೈಗೆ ಬಗ್ಗಿಸಿ ಮುಖ, ಕತ್ತುಗಳಿಗೆ ಧಾರಾಳವಾಗಿ ಸವರಿಕೊಂಡಳು. ಕೈಯಲ್ಲಿ ಇನ್ನೂ ಮಿಕ್ಕಿತ್ತು. "ಸುಮ್ನೆ ಒರೆಸಿ ಹಾಕೋದಾ?" ಎನ್ನುತ್ತ ಫೋಟೊದವನ ಮುಂಗೈಗೆ ತಿಕ್ಕಿದಳು. ಅಂಗಡಿಯಲ್ಲಿ ಕೂರುವ ಹೆಂಗಸಿನ ಮಣಿಕಟ್ಟಿಗೆ ಸವರಿದಳು. ಆಮೇಲೆ ಮೂಗಿಯ ಕಡೆ ತಿರುಗಿದಳು.

"ಕೊಡೇ ಕೈನ."

"ನಂಗ್ಯಾಕಕ್ಕಾ, ದಿನಾ ಅದರಲ್ಲೇ ಮುಳುಗಿರ್ತೀನಿ."

"ಕೊಡು ಅಂದ್ರೆ. ಫೋಟೊಗೆ ಮುಖ ನಂದು, ಕೆಲ್ಸಕ್ಕೆ ಕೈ ನಿಂದು."

ಎಲ್ಲರೂ ನೋಡುತ್ತಿದ್ದರು. ಹಿಂದೆಗೆದರೆ ವಿಚಿತ್ರವಾಗಿ ಕಾಣುತ್ತಿತ್ತು. ಮೂಗಿ ಎರಡೂ ಕೈ ನೀಡಿದಳು. ಅಕ್ಕ ಒಂದೊಂದು ಬೆರಳನ್ನೂ ಹಿಡಿದು, ಹಿಂಗೈ ತುಂಬ ಎಣ್ಣೆ ಇಂಗಿಸಿದಳು. ಆ ಮುದ್ದು ಮೂಗಿಯನ್ನು ಮುಳ್ಳಿನಂತೆ ಚುಚ್ಚಿತು. ಆದರೂ ತಲೆ ಕೆಡಲಿಲ್ಲ. ಎಲ್ಲರಿಗೂ ನೀರು ತರುತ್ತೇನೆಂದು ಅವಸರ ತೋರಿಸದೆ ಮೆಟ್ಟಿಲಿಳಿದಳು. ಸಾಬೂನಿನಿಂದ ಎರಡು ಸಲ ತಿಕ್ಕಿ ತೊಳೆದು, ಸ್ಪಿರಿಟ್‌ನಲ್ಲಿ ಒರೆಸಿ, ಮತ್ತೊಮ್ಮೆ ತೊಳೆದಳು. ನೀರಿನ ತಟ್ಟೆ ಹಿಡಿದು ಬಂದವಳು ಮೆಟ್ಟಿಲ ಮಾಡಿನ ನೆರಳು ಬಿಟ್ಟು ಆಚೆ ಬರಲಿಲ್ಲ. ಬಿಸಿಲಲ್ಲಿ ಅಕ್ಕ ಒಂದೂವರೆ ಗಂಟೆ ನಿಂತು ನಕ್ಕಳು.

ಆಮೇಲೆ ಎಲ್ಲ ಲೆಕ್ಕ ಹಾಕಿದಂತೆಯೇ ನಡೆಯಿತು. ಮಾರನೆಯ ದಿನ ಅಕ್ಕನ ಕೆನ್ನೆ ಕೆಂಪಾಯಿತು, ಅದರ ಮರುದಿನ ಬೊಬ್ಬೆಯೆದ್ದಿತು. ಫೋಟೊದವನೂ ತನ್ನ ಮುಂಗೈ ಸುಟ್ಟಂತಾಗಿದೆಯೆಂದು ಫೋನಿನಲ್ಲಿ ರೇಗಿದ. ಚರ್ಮದ ವೈದ್ಯರು ನೀಲಿ ಸೀಸೆಯನ್ನು ಮೂಸಿ, ಕಪಾಟಿನ ಸೀಸೆಗಳ ವಿಚಾರ ಕೇಳಿ ತಿಳಿದು, ಹಿಂಡಿ ತೆಗೆದ ನಿಂಬೆಯ ಕತೆಯನ್ನು ತಾವೇ ಹೇಳಿದರು. ಯಾರೂ ಮೂಗಿಯತ್ತ ಬೆರಳು ತೋರಿಸಲಿಲ್ಲ. ತೋರಿಸುವ ಮೊದಲೇ ಅಕ್ಕ ಒಪ್ಪಿಕೊಂಡಿದ್ದಳು: "ನಂದೇ ತಪ್ಪು. ಕುರುಡಿ ಹಾಗೆ ಕೈ ಹಾಕಿದೆ. ಇನ್ನು ಈ ಮೋರೆ ಯಾವ ಸೀಸೆಗೂ ಬೇಡ. ಚೀಟಿಗೆ ನಿನ್ನ ಹೆಸರೇ ಇರ್ಲಿ." ಮೂಗಿ ಕಣ್ಣೊರೆಸಿಕೊಂಡಳು. ಅದರಲ್ಲಿ ಎಷ್ಟು ನಟನೆ ಎಂಬುದು ಅವಳಿಗೇ ತಿಳಿಯಲಿಲ್ಲ.

ನಾಲ್ಕನೆಯ ದಿನ ವೈದ್ಯರು ಕೊಟ್ಟ ಮುಲಾಮು ಹಚ್ಚಲು ಅಕ್ಕನ ಕೋಣೆಗೆ ಹೋದಳು. ಪರದೆ ಎಳೆದಿತ್ತು. ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡ ಅಂಗಡಿಯ ಹೆಂಗಸು ದೀಪ ಹಚ್ಚಿ ಹಾಸಿಗೆಯ ಪಕ್ಕದಲ್ಲೇ ನಿಂತಳು. ಮೂಗಿ ಬೆರಳ ತುದಿಗೆ ಮುಲಾಮು ತೆಗೆದುಕೊಂಡು ಬಾಗಿದಾಗ ಅಕ್ಕ ಆ ಕೈಯನ್ನು ನಡುವೆಯೇ ಹಿಡಿದಳು. "ಅಯ್ಯೋ, ನನ್ನ ನೋವಲ್ಲಿ ಮರೆತೇಬಿಟ್ಟಿದ್ದೆ. ಎಲ್ಲರಿಗಿಂತ ಜಾಸ್ತಿ ನಿನಗೇ ತಿಕ್ಕಿದ್ದೆ ಅಲ್ವೇನೇ? ತೋರ್ಸು, ಎಷ್ಟು ಸುಟ್ಟಿದೆ?" ಎಂದು ಅದನ್ನು ದೀಪದ ಕೆಳಗೆ ತಂದು ತಿರುಗಿಸಿದಳು. ಇನ್ನೊಂದು ಕೈಯನ್ನೂ ಎಳೆದು ನೋಡಿದಳು. ಎರಡೂ ಹಿಂಗೈಗಳು ಮೊನ್ನೆ ಹೇಗಿದ್ದವೋ ಹಾಗೇ, ಒಂದು ಚುಕ್ಕೆಯೂ ಇಲ್ಲದೆ ನುಣುಪಾಗಿದ್ದವು. ಅಂಗಡಿಯ ಹೆಂಗಸು ತನ್ನ ಬಟ್ಟೆ ಸುತ್ತಿದ ಮಣಿಕಟ್ಟನ್ನೊಮ್ಮೆ ನೋಡಿಕೊಂಡಳು, ಆ ಕೈಗಳನ್ನೊಮ್ಮೆ ನೋಡಿದಳು, ಆಮೇಲೆ ಮೂಗಿಯ ಮುಖ ನೋಡಿದಳು. ಅಕ್ಕ ಮಾತ್ರ ತಲೆಯೆತ್ತಲಿಲ್ಲ. ಕೈಯನ್ನೂ ಬಿಡಲಿಲ್ಲ. ಬೊಬ್ಬೆಯೆದ್ದ ತುಟಿ ನೋಯದಂತೆ, ಮೆಲ್ಲಗೆ ಕೇಳಿದಳು: "ತೊಳ್ಕೋಬೇಕು ಅಂತ ನಿನಗೆ ಹೇಗೆ ಗೊತ್ತಾಯ್ತು?"