ಉಮ್ಮನ ತಟ್ಟೆಯ ಚೂರು

"ಇದನ್ನು ಗಾಡಿ ಅಂತ ಯಾರು ಹೇಳಿದ್ದು ನಿಮಗೆ?"

ಅನ್ಸಾಫ್‌ಗೆ ಫಾಹಿಮಾ ಆಡಿದ ಮೊದಲ ಮಾತು ಇದು. ಬೆಳ್ತಂಗಡಿಯಿಂದ ಅವನು ಸೆಕೆಂಡ್ ಹ್ಯಾಂಡ್ ಪಿಕಪ್ ಒಂದನ್ನು ಸಿದ್ಧಕಟ್ಟೆಯ ಅವಳ ಅಪ್ಪನ ಗ್ಯಾರೇಜಿಗೆ ತಂದಿದ್ದ. ಎಂಜಿನ್ ಲೈಟ್ ಆರುವುದಿಲ್ಲ, ಏರು ಬಂದರೆ ಗಾಡಿ ಎಳೆಯುವುದಿಲ್ಲ.

ಎಂಟು ವರ್ಷ ದುಬೈಯಲ್ಲಿದ್ದು ಬಂದವನು ಕೊಂಡದ್ದು ಈ ಡಬ್ಬವನ್ನೇ? ಫಾಹಿಮಾಗೆ ನಗು ಬಂತು.

ಮೂಡುಬಿದಿರೆಯಲ್ಲಿ ಡಿಪ್ಲೊಮಾ ಮುಗಿಸಿದ ಮೇಲೆ ಅವಳ ಕಣ್ಣಿಗೆ ತಾಲೂಕಿನ ಮೆಕ್ಯಾನಿಕ್‌ಗಳೆಲ್ಲ ಸುತ್ತಿಗೆ ಹಿಡಿದ ಪೆದ್ದರು, ಗಿರಾಕಿಗಳು ಅವರಿಗಿಂತ ಪೆದ್ದರು. ಗಾಡಿಗೆ ದೋಷ ಓದುವ ಸ್ಕ್ಯಾನರ್ ಚುಚ್ಚಿದಳು. ಇಜಿಆರ್ ಸೆನ್ಸರ್ ದೋಷ ಎಂದು ಬಂತು. ಎಂಜಿನ್ನಿನ ಹೊಗೆಯ ಒಂದು ಪಾಲು ಪೈಪಿನ ಮೂಲಕ ಮತ್ತೆ ಒಳಗೆ ಹೋಗಬೇಕು. ಹೋಗುತ್ತಿದೆಯೇ ಎಂದು ನೋಡುವುದು ಆ ಸೆನ್ಸರ್. ಪೈಪ್ ಬಿಚ್ಚಿ ನೋಡುವುದು ಹಳೇ ಕಾಲದವರ ಕೆಲಸವೆಂದು, ಸೆನ್ಸರನ್ನೇ ಬದಲಾಯಿಸಿ ಕಳಿಸಿದಳು.

ವಾರಕ್ಕೆ ಗಾಡಿ ವಾಪಸ್ ಬಂತು. ಅವನಿಗೆ ಗೇರ್ ಹಾಕಲು ಬರುವುದಿಲ್ಲವೆಂದೂ, ಕಂಡಕಂಡಲ್ಲಿ ಡೀಸೆಲ್ ತುಂಬಿಸುತ್ತಾನೆಂದೂ ಬೈದು ಇನ್ನೊಂದು ಸೆನ್ಸರ್ ಹಾಕಿದಳು. ಅವನು ಬಾನೆಟ್ ಹಿಡಿದುಕೊಂಡು ಎಲ್ಲವನ್ನೂ ಕೇಳಿಸಿಕೊಂಡ.

ಅಂದು ಸಂಜೆ ಉಪ್ಪ ಮೊಯಿದಿನಬ್ಬ ಗಂಭೀರವಾಗಿ ಹೇಳಿದರು. "ಮಗಳೇ, ಅದು ಇನ್ನೊಮ್ಮೆ ಬಂದ್ರೆ ಸ್ಕ್ಯಾನರ್ ನವಾಝ್ ಹಿಡಿಯಲಿ. ನೀನು ಮನೆಯಲ್ಲಿರು."

ನವಾಝ್ ಅವಳ ಸೋದರತ್ತೆಯ ಮಗ. ಸ್ಪಾನರಿನ ಯಾವ ತುದಿ ಹಿಡಿಯಬೇಕೆಂದೂ ಅವನಿಗೆ ಗೊತ್ತಿಲ್ಲ. ಅವನ ಕೈಗೆ ತನ್ನ ಸ್ಕ್ಯಾನರ್!

ಅದಾಗಿ ಹತ್ತನೇ ದಿನ ಪಿಕಪ್ ಮತ್ತೆ ಬಂತು. ಅವಳಿಗೆ ಮೊದಲು ಆದದ್ದು ಸಂತೋಷ, ಆಮೇಲೆ ಭಯ. ಸಂತೋಷ ಯಾಕೆ...? ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಈ ಸಲ ಪೈಪ್ ಬಿಚ್ಚಿದಳು. ಜೋಡಣೆಯ ನಡುವೆ ಸ್ಟೀಲಿನ ತುಂಡೊಂದು ಹೊಗೆಯ ದಾರಿಯನ್ನು ಪೂರ್ತಿ ಮುಚ್ಚಿತ್ತು. ಸೆನ್ಸರ್ ಇಷ್ಟು ದಿನವೂ ಸತ್ಯವನ್ನೇ ಹೇಳಿತ್ತು.

"ಹೊಗೆ ಒಳಗೆ ಹೋದ್ರೆ ಎಂಜಿನ್ ಹಾಳು ಅಂತ ಯಾವನೋ ಮೆಕ್ಯಾನಿಕ್ ಮುಚ್ಚಿದ್ದಾನೆ. ಎಂಥ ಕತ್ತೆ ಇರ್ಬೇಕು ಇವನು!"

ಮಸಿ ಒರೆಸಿದಳು. ಚುಕ್ಕಿಚುಕ್ಕಿಯಾಗಿ ಕೊರೆದ ಅಕ್ಷರಗಳು ಕಂಡವು: ಸೈನಬ.

ಅವಳ ತಾಯಿಯ ಹೆಸರು. ಇದು ಉಮ್ಮನ ಊಟದ ತಟ್ಟೆಯ ಚೂರು. ಹದಿನಾರನೇ ವಯಸ್ಸಿನಲ್ಲಿ ಯಾವುದೋ ಪಿಕಪ್ಪಿಗೆಂದು ಅದನ್ನು ಕತ್ತರಿಸಿ, ಉಮ್ಮನಿಂದ ಬೈಸಿಕೊಂಡವಳು ಇವಳೇ. ಆ ಪಿಕಪ್ ಇದೇ. ಕಿವಿ ಬಿಸಿಯಾಯಿತು. ಅನ್ಸಾಫ್ ಹೆಸರನ್ನು ಓದಿದ, ಅವಳ ಮುಖವನ್ನೂ ಓದಿದ.

ಏನಾಯಿತೆಂದು ಕೇಳುತ್ತಾ ಉಪ್ಪ ಹತ್ತಿರ ಬಂದರು. ಅನ್ಸಾಫ್ ತುಂಡನ್ನು ಕಿಸೆಗೆ ಹಾಕಿಕೊಂಡ.

"ನನ್ನದೇ ತಪ್ಪು ಮೊಯಿದಿನಾಕ. ಡೀಸೆಲ್ ಸರಿ ಇರ್ಲಿಲ್ಲ."

ಫಾಹಿಮಾಗೆ ಮೈಯೆಲ್ಲ ಉರಿಯಿತು. ಇವನು ತನ್ನ ಮೇಲೆ ದಯೆ ತೋರಿಸುವುದೇ?

"ಕೊಡಿ ಅದನ್ನು. ಸುಳ್ಳು ಹೇಳುವ ಗಂಡ ನನಗೆ ಬೇಡ."

ಯಾರು ಕೇಳಿದ್ದರು ಅವಳಿಗೆ ಗಂಡ ಬೇಕಾ ಎಂದು? ಅನ್ಸಾಫ್ ತುಂಡನ್ನು ಕಿಸೆಯಿಂದ ತೆಗೆದುಕೊಟ್ಟ. ಅವಳು ತಲೆ ತಗ್ಗಿಸಿ, ಅದನ್ನು ಉಪ್ಪನ ಅಂಗೈಯಲ್ಲಿ ಇಟ್ಟಳು. "ಕತ್ತರಿಸಿದ್ದು ನಾನು. ಬಿಚ್ಚಿ ನೋಡದೆ ಎರಡು ಸೆನ್ಸರ್ ಹಾಕಿದ್ದೂ ನಾನೇ. ಸ್ಕ್ಯಾನರ್ ನವಾಝ್‌ಗೆ ಕೊಡಿ."

ಉಪ್ಪ ಹೆಂಡತಿಯ ಹೆಸರನ್ನು ಹೆಬ್ಬೆರಳಿನಿಂದ ಸವರಿದರು. "ನವಾಝ್ ಆಗಿದ್ರೆ ತಪ್ಪು ಮುಚ್ಚಲು ಇದನ್ನು ತೋಡಿನ ನೀರಿಗೆ ಬಿಸಾಡ್ತಿದ್ದ. ಸ್ಕ್ಯಾನರ್ ನಿನ್ನ ಕೈಯಲ್ಲೇ ಇರ್ಲಿ," ಎಂದು ಅವರು ಚಹಾಕ್ಕೆ ಹೊರಟರು.

ಪೈಪ್ ಶುಚಿಮಾಡಿ ಜೋಡಿಸಿದಾಗ ಲೈಟ್ ಆರಿತು. ಇನ್ನು ಇವನು ಬರುವುದಿಲ್ಲ... ಅವಳು ಬಿಗಿದ ಬೋಲ್ಟನ್ನೇ ಮತ್ತೆ ಬಿಗಿದಳು.

"ನಿಜ ಹೇಳುವ ಗಂಡ ಆಗ್ಬಹುದಾ?" ಅನ್ಸಾಫ್ ಮೆಲ್ಲಗೆ ಕೇಳಿದ.

"ಯಾವ ನಿಜ?"

"ಬೆಳ್ತಂಗಡಿಯಿಂದ ಇಲ್ಲಿಗೆ ಬರುವ ದಾರಿಯಲ್ಲಿ ಏಳು ಗ್ಯಾರೇಜು ಉಂಟು. ಎಲ್ಲವನ್ನೂ ದಾಟಿ ಮತ್ತೆ ಮತ್ತೆ ಇಲ್ಲಿಗೇ ಬಂದೆ."

ಫಾಹಿಮಾ ಅವನನ್ನು ಎಂದಿನ ತಾತ್ಸಾರದಿಂದಲೇ ನೋಡಿದಳು. ಕಣ್ಣು ಮಾತ್ರ ತುಂಬಿತ್ತು.

"ಒಂಬತ್ತು," ಎಂದಳು. "ನಾನು ಎಣಿಸಿದ್ದೇನೆ."