ಸಿಂಗಳೀಕದ ಹಣೆಗೆ ಕುಂಕುಮ

ಚಿನ್ನದ ನಾಣ್ಯದಲ್ಲಿದ್ದ ಸಿಂಗಳೀಕದ ಹಣೆಯ ಮೇಲೆ ಕುಂಕುಮ ಇತ್ತು. ಮುಖದ ಸುತ್ತಲಿನ ಕೂದಲಿಗೆ ಅರಿಸಿನ, ತಲೆಯ ಮೇಲೊಂದು ದಾಸವಾಳ.

“ಅಜ್ಜೀ, ಎಂತ ಮಾಡ್ದೆ ನೀನು?” ಕಾವ್ಯಶ್ರೀಗೆ ಅಳುವೇ ಬಂತು.

“ಮನೆಗೆ ಹೊಸ ಚಿನ್ನ ಬಂದ್ರೆ ಒಂದ್ಸಲ ದೇವರ ಮುಂದೆ ಇಡ್ಬೇಕು. ನೀವ್ಯಾರೂ ಇಡ್ಲಿಲ್ಲ, ನಾನಿಟ್ಟೆ,” ಎಂದಳು ಸೀತಮ್ಮಜ್ಜಿ, ದೀಪಕ್ಕೆ ಎಣ್ಣೆ ಹಾಕುತ್ತಾ.

ಆ ನಾಣ್ಯ ಯಲ್ಲಾಪುರದಲ್ಲಿರುವ ಕಿಶೋರ ಚಿಕ್ಕಪ್ಪನದು. ಖರ್ಚು ಮಾಡುವ ನಾಣ್ಯವಲ್ಲ, ಕೂಡಿಡುವ ನಾಣ್ಯ. ಅವನ ಹತ್ತಿರ ಹುಲಿಯದೂ ಇದೆ, ಆನೆಯದೂ ಇದೆ. ಪ್ಲಾಸ್ಟಿಕ್ ಡಬ್ಬಿಯಿಂದ ತೆಗೆಯಬಾರದು, ಬೆರಳು ತಾಗಿಸಬಾರದು. ಎಳೆ ಕೂಸನ್ನು ಎತ್ತಿಕೊಳ್ಳುವಾಗಲೂ ಚಿಕ್ಕಪ್ಪ ಇಷ್ಟು ಹೆದರಿದವನಲ್ಲ.

“ಭಾನುವಾರ ಬರ್ತೆ. ಒಂದು ಕಲೆಯೂ ಆಗದಂತೆ ನೋಡ್ಕೊಂಡ್ರೆ ಸಿಂಗಳೀಕ ನಿಂಗೇ,” ಎಂದು ಹೇಳಿ ಹೋಗಿದ್ದ.

ಸರಿ, ವಾರವಿಡೀ ಕಾವ್ಯಶ್ರೀಯ ಕಾಲು ನೆಲದ ಮೇಲಿರಲಿಲ್ಲ. ಬೀದಿಯ ಮಕ್ಕಳನ್ನು ಕೈ ಹಿಂದೆ ಕಟ್ಟಿಸಿ, ಲೈನಲ್ಲಿ ನಿಲ್ಲಿಸಿ ತೋರಿಸಿದ್ದಳು. ಪಕ್ಕದ ಮನೆಯ ತಸ್ಲೀಮ್‌ಗೆ ಎರಡು ಸಲ. ಅಜ್ಜಿಯೂ ಲೈನಿನ ಕೊನೆಗೆ ಬಂದು ನಿಂತಾಗ, “ದೂರದಿಂದ ನೋಡು ಅಜ್ಜಿ, ನಿನ್ನ ಕೈ ಎಣ್ಣೆ,” ಎಂದಿದ್ದಳು.

ಇವತ್ತೇ ಭಾನುವಾರ. ಕಾವ್ಯಶ್ರೀ ಫ್ರಾಕಿನ ತುದಿಯಿಂದ ಉಜ್ಜಿದಳು. ಕುಂಕುಮ ಹೋಗುವುದು ಬಿಟ್ಟು ಕೂದಲ ಗೆರೆಗಳೊಳಗೆ ಇನ್ನೂ ಗಟ್ಟಿಯಾಗಿ ಕೂತಿತು. ಅಷ್ಟರಲ್ಲಿ ಅಂಗಳದಲ್ಲಿ ಬೈಕು ನಿಂತಿತು.

ಚಿಕ್ಕಪ್ಪ ಹೆಲ್ಮೆಟ್ ತೆಗೆಯುವ ಮೊದಲೇ ಕಾವ್ಯಶ್ರೀ, “ನಾನಲ್ಲ, ಅಜ್ಜಿ ಮಾಡಿದ್ದು,” ಎಂದಳು.

ಚಿಕ್ಕಪ್ಪ ನಾಣ್ಯವನ್ನು ತಿರುಗಿಸಿ ನೋಡಿದ. “ಅಮ್ಮಾ, ಇನ್ನು ಇದನ್ನ ನಾಣ್ಯ ಕೂಡಿಡೋರು ಯಾರೂ ಮೂಸಿಯೂ ನೋಡೋದಿಲ್ಲ.”

“ಕೂಸಿಗೆ ಬೈಬೇಡ ಮಾರಾಯ, ತಪ್ಪು ನಂದೇ,” ಎಂದಳು ಅಜ್ಜಿ. ಆಮೇಲೆ ಮೆಲ್ಲಗೆ, “ಡಬ್ಬಿ ಒಳಗಿದ್ರೆ ನನ್ನ ಕಣ್ಣಿಗೆ ಬರೀ ಹೊಳಪು. ಮುಟ್ಟಿಯಾದ್ರೂ ನೋಡುವಾ ಅಂತ ತೆಗ್ದೆ. ಸಣ್ಣಕಿದ್ದಾಗ ಕಾಡಲ್ಲಿ ಉಪ್ಪಾಗೆ ಹಣ್ಣು ಹೆಕ್ಕುವಾಗ ಸಿಂಗಳೀಕ ಕಂಡಿದ್ದೆ. ಬಾಲದ ತುದಿಗೊಂದು ಕುಚ್ಚು ಇರ್ತದಲ್ಲ, ಅದನ್ನ ಮಾಡಿದ್ದಾರಾ ಅಂತ.”

ಚಿಕ್ಕಪ್ಪನಿಗೆ ನಗು ತಡೆಯಲಾಗಲಿಲ್ಲ. “ಸಿಕ್ತಾ ಕುಚ್ಚು?”

“ಎಲ್ಲಿ ಸಿಗ್ತದೆ? ಅಷ್ಟರಲ್ಲಿ ಇವಳು ಬಂದ್ಲಲ್ಲ.”

ಕಾವ್ಯಶ್ರೀಯ ಕಿವಿ ಬಿಸಿಯಾಯಿತು. ತಸ್ಲೀಮ್‌ಗೆ ಎರಡು ಸಲ ತೋರಿಸಿದ್ದು ನೆನಪಾಯಿತು.

ಅವಳು ಚಿಕ್ಕಪ್ಪನ ಕೈಯಿಂದ ನಾಣ್ಯ ತೆಗೆದುಕೊಂಡು ಅಜ್ಜಿಯ ಎಣ್ಣೆಗೈಯಲ್ಲಿಟ್ಟಳು. ಅಜ್ಜಿಯ ತೋರುಬೆರಳನ್ನು ಹಿಡಿದು ಮೆಲ್ಲಗೆ ಅಂಚಿನವರೆಗೆ ನಡೆಸಿದಳು.

“ಇಲ್ಲಿದೆ ನೋಡು ಅಜ್ಜಿ, ಕುಚ್ಚು.”