ಹಸಿ ಕಸದ ಡ್ರಮ್ಮು

ಮೊದಲ ಚೀಲ ಬಿಚ್ಚಿದ ಕೂಡಲೇ ದರ್ಜಿಯ ಮಗಳು ಮೂಗು ಹಿಡಿದುಕೊಂಡು ಹಿಂದೆ ಸರಿದಳು. ಕೊಳೆತ ಅನ್ನ, ಮಗುವಿನ ಡೈಪರ್, ಮೀನಿನ ಕರುಳು, ಎಲ್ಲ ಸೇರಿ ಒಂದೇ ಮುದ್ದೆ. ಅದರೊಳಗೆ ಬಿಳಿ ಹುಳುಗಳು ಮಿಜಿಗುಡುತ್ತಿದ್ದವು.

ತಗಡಿನ ಮನೆಗಳ ಆ ಓಣಿಗೆ ಕಸದ ಲಾರಿ ಬರುತ್ತಿರಲಿಲ್ಲ. ಹುಡುಗ ಹುಡುಗಿಯರೇ ತಂಡ ಕಟ್ಟಿಕೊಂಡು ಮನೆಮನೆಯ ಕಸ ಎತ್ತಿ, ಶೆಡ್ಡಿನಲ್ಲಿ ಹಸಿ ಕಸ, ಒಣ ಕಸ ಬೇರ್ಪಡಿಸಿ ಡ್ರಮ್ಮುಗಳಿಗೆ ತುಂಬುತ್ತಿದ್ದರು. ತಂಗಿ ಡೆಂಗಿ ಜ್ವರದಲ್ಲಿ ಸತ್ತು ಬದುಕಿದ ಮೇಲೆ ಇವಳೂ ಹಟಕ್ಕೆ ಬಿದ್ದು ಸೇರಿದ್ದಳು.

"ಮೂಗು ಬಿಡಿ, ಬಾಯಿಂದ ಉಸಿರಾಡಿ," ಎಂದ ತಂಡ ಕಟ್ಟಿದ ಹುಡುಗ. ಎಲ್ಲರ ಬಾಯಲ್ಲೂ ಅವನು ಲೀಡರ್.

"ಬಾಯಿಗೆ ನೊಣ ಹೋದ್ರೆ?"

"ತಿಂಡಿ ಆಯ್ತು ಅಂದ್ಕೊಳ್ಳಿ."

ಮಾಸ್ಕಿನ ಮೇಲೆ ಅವನ ಕಣ್ಣುಗಳು ನಕ್ಕವು. ಅವಳ ಮೈ ಉರಿಯಿತು. ಇವನಿಗೆ ಹೇಸಿಗೆಯೆಂಬುದೇ ಇಲ್ಲವೇ? ಅಂಥವನ ಕಣ್ಣನ್ನು ಮತ್ತೆ ಮತ್ತೆ ನೋಡುವ ತನ್ನ ಮೇಲೂ ಹೇಸಿಗೆಯಾಯಿತು.

ಮೂರು ವಾರ ಕಳೆಯಿತು. ಎಷ್ಟು ಸೋಪು ಹಚ್ಚಿದರೂ ಕೂದಲಿನ ನಾತ ಹೋಗಲಿಲ್ಲ. ತುತ್ತು ಬಾಯಿಗಿಟ್ಟರೆ ಹುಳುಗಳೇ ಕಣ್ಣಮುಂದೆ. "ಸ್ವಲ್ಪ ಆಕಡೆ ಕೂತ್ಕೊಳ್ಳೇ," ಎಂದು ಹೆತ್ತಮ್ಮನೇ ಮೂಗು ಮುಚ್ಚಿಕೊಂಡ ದಿನ, ಸಾಕಪ್ಪಾ ಸಾಕು ಎನಿಸಿತು.

ಮರುದಿನ ಬೆಳಿಗ್ಗೆ, ಬಿಟ್ಟುಬಿಡುತ್ತೇನೆಂದು ಹೇಳಲು ಎಲ್ಲರಿಗಿಂತ ಮೊದಲೇ ಹೋದಳು. ಶೆಡ್ಡಿನ ಹಿಂದೆ ಗೋಡೆ ಹಿಡಿದು ಬಗ್ಗಿ ನಿಂತು ಲೀಡರ್ ವಾಂತಿ ಮಾಡಿಕೊಳ್ಳುತ್ತಿದ್ದ.

"ಅಯ್ಯೋ! ಹುಷಾರಿಲ್ವಾ?"

ಅವನು ತಲೆ ಎತ್ತಲಿಲ್ಲ. "ಹಸಿ ಕಸದ ಡ್ರಮ್ಮಿನ ಮುಚ್ಚಳ ತೆಗೆದ್ರೆ ದಿನಾ ಇದೇ ಪಾಡು. ನೀವೆಲ್ಲ ಬರೋದ್ರೊಳಗೆ ಮುಗಿಸ್ಕೊಂಡ್ಬಿಡ್ತೀನಿ."

"ದಿನಾನಾ?"

"ಎರಡು ವರ್ಷದಿಂದ. ನಾನೇ ಮುಖ ಕಿವುಚಿದ್ರೆ ಯಾರು ನಿಲ್ತಾರೆ ಹೇಳಿ?"

"ಮತ್ತೆ ನನ್ನ ನೋಡಿ ನಗ್ತಿದ್ರಿ!"

"ನಗದಿದ್ರೆ ನಿಮ್ಮೆದುರಿಗೇ ವಾಂತಿ ಆಗ್ತಿತ್ತು. ಬೇರೆ ಯಾರೆದುರಿಗೆ ಆದ್ರೂ ಪರವಾಗಿರ್ಲಿಲ್ಲ."

ಅವನ ಕಿವಿ ಕೆಂಪಾಗಿತ್ತು. ಅವಳು ಬಕೆಟ್ಟಿನಿಂದ ಒಂದು ಚೊಂಬು ನೀರು ತಂದು ಅವನ ಕೈಗಿತ್ತಳು.

"ನಾಳೆಯಿಂದ ಆ ಮುಚ್ಚಳ ನಾನು ತೆಗೀತೀನಿ. ನೀವು ದೂರ ನಿಂತ್ಕೊಳ್ಳಿ."

"ನಿಮಗೆ ಹೇಸಿಗೆ ಆಗಲ್ವಾ?"

"ಕರುಳು ಕಿತ್ತು ಬರುತ್ತೆ. ಆದ್ರೆ ನೀವೊಬ್ರೇ ಇಲ್ಲಿ ನಿಂತಿರೋದು ನೆನೆಸ್ಕೊಂಡ್ರೆ, ಅದಕ್ಕಿಂತ ಹೆಚ್ಚು ಸಂಕಟ."

ಅವನು ಅವಳನ್ನೇ ನೋಡಿದ. ಈಗ ಮಾಸ್ಕಿರಲಿಲ್ಲ. "ಒಂದು ಮಾತು ಕೇಳ್ಬೇಕಿತ್ತು. ಎಷ್ಟೋ ದಿನದಿಂದ..."

"ಮೊದ್ಲು ಬಾಯಿ ಮುಕ್ಕಳಿಸ್ಕೊಂಡು ಬಾ," ಎಂದಳು. ಏಕವಚನ ತಾನಾಗಿಯೇ ಜಾರಿತ್ತು. "ಆಮೇಲೆ ಕೇಳು. ಒಪ್ಪಿಗೆ ಅಂತೀನಿ."